ಹಳ್ಳದ ಟರ್ಬೈನೋ, ಮಾಳಿಗೆಯ ಸೋಲಾರೋ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರ ಲೆಕ್ಕ

ಮಳೆಗಾಲ ಶುರುವಾದರೆ ಸಾಕು, ನೀರಿನಿಂದ ಕರೆಂಟ್ ತೆಗೆಯುವ ಪ್ರಶ್ನೆಗಳೂ ಶುರು. ಖಾನಾಪುರದ ಕಡೆಯವರು "ಮನೆ ಹಿಂದ ಹಳ್ಳ ಐತ್ರಿ, ಸಣ್ಣದೊಂದು ಟರ್ಬೈನ್ ಕೂಡಿಸಬಹುದೇನ್ರಿ?" ಎಂದು ಕೇಳುತ್ತಾರೆ. ಗೋಕಾಕ, ಮುಧೋಳದವರ ಕಣ್ಣು ಹೊಲದ ಬದುವಿಗೆ ಹತ್ತಿಕೊಂಡಿರುವ ಕೆನಾಲಿನ ಮೇಲೆ. ಇಂಡಿ, ಸಿಂದಗಿಯ ವಸ್ತಿಗಳಿಂದ ಬರುವುದು ಮೊಬೈಲಿನ ವಿಡಿಯೊ: ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬಿಟ್ಟು ಮನೆಯೆಲ್ಲ ದೀಪ ಹಚ್ಚುವವನ ವಿಡಿಯೊ. ಈ ನಡುವೆ ಸೋಲಾರ್ ಕಂಪನಿಯವರ ಫೋನ್ ಬೇರೆ, ದಿನಕ್ಕೊಂದು.

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಒಂದು ಮಾತು ಮಾತ್ರ ಎಲ್ಲರಿಗೂ ಹೇಳುತ್ತೇನೆ: ಯಂತ್ರ ಆಮೇಲೆ ನೋಡಿ, ಮೊದಲು ತಿಂಗಳು ನೋಡಿ. ನಿಮಗೆ ಕರೆಂಟ್ ಯಾವ ತಿಂಗಳಲ್ಲಿ ಕೈಕೊಡುತ್ತದೆ? ಆ ತಿಂಗಳಲ್ಲಿ ನಿಮ್ಮ ಜಾಗದಲ್ಲಿ ಇರುವುದು ನೀರೋ ಬಿಸಿಲೋ? ನಮ್ಮ ಮೂರು ಜಿಲ್ಲೆಗಳಲ್ಲಿ ಪಶ್ಚಿಮದ ತುದಿಯಲ್ಲಿ ಘಟ್ಟದ ಮಳೆ, ಪೂರ್ವದ ತುದಿಯಲ್ಲಿ ವರ್ಷಪೂರ್ತಿ ಬಿಸಿಲು. ಘಟ್ಟದ ಕಣಕುಂಬಿಗೆ ಸರಿಹೋಗುವ ಯಂತ್ರ ಸಿಂದಗಿಯಲ್ಲಿ ಗುಜರಿಗೆ ಹೋಗುತ್ತದೆ.

ಕೈಗೆ ಅಳತೆ ಬರಲಿ

ನೀರಿನಿಂದ ಎಷ್ಟು ಕರೆಂಟ್ ಸಿಗುತ್ತದೆ ಎನ್ನುವುದಕ್ಕೆ ಎರಡೇ ಸಂಗತಿ ಮುಖ್ಯ. ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಇಳಿಯುತ್ತದೆ. ಸಣ್ಣ ಯಂತ್ರಗಳಿಗೆ ಒಂದು ಒರಟು ಲೆಕ್ಕ ಇದೆ: ಲೀಟರ್ ಗುಣಿಸು ಮೀಟರ್ ಗುಣಿಸು 5, ಬಂದದ್ದು ವ್ಯಾಟ್. ಭೌತಶಾಸ್ತ್ರದ ಪ್ರಕಾರ 9.81ರಿಂದ ಗುಣಿಸಬೇಕು. ಆದರೆ ಪೈಪು, ಚಕ್ರ, ಜನರೇಟರ್ ಎಲ್ಲ ತಮ್ಮ ಪಾಲು ತಿಂದು ಅರ್ಧ ಉಳಿದರೆ ಒಳ್ಳೆಯದೇ ಆಯಿತು.

ಎತ್ತರ ಅಳೆಯಲು ಊರಿನ ಗೌಂಡಿಯನ್ನು ಕರೆಯಿರಿ. ಮನೆ ಕಟ್ಟುವಾಗ ಲೆವೆಲ್ ನೋಡಲು ಅವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಹಳ್ಳದ ಮೇಲಿನಿಂದ ಹಂತ ಹಂತವಾಗಿ ಇಳಿಯುತ್ತ, ಪ್ರತಿ ಹಂತದ ಇಳುಕಲು ಕೂಡಿಸುತ್ತ ಬಂದರೆ ಕೆಳಗೆ ಮುಟ್ಟುವಷ್ಟರಲ್ಲಿ ಒಟ್ಟು ಎತ್ತರ ಗೊತ್ತಾಗುತ್ತದೆ. ನೀರಿನ ಪ್ರಮಾಣಕ್ಕೆ ಒಂದು ಬ್ಯಾರಲ್, ಒಂದು ಮೊಬೈಲ್. ಹಳ್ಳಕ್ಕೆ ಮಣ್ಣು ಕಲ್ಲಿನ ಸಣ್ಣ ಅಡ್ಡ ಕಟ್ಟಿ ನೀರನ್ನು ಒಂದೇ ಪೈಪಿನಲ್ಲಿ ಹಾಯಿಸಿ, 200 ಲೀಟರ್ ಬ್ಯಾರಲ್ ತುಂಬಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. 20 ಸೆಕೆಂಡ್ ಆದರೆ ಸೆಕೆಂಡಿಗೆ 10 ಲೀಟರ್.

ಇದನ್ನು ಆಗಸ್ಟ್‌ನಲ್ಲಿ ಮಾತ್ರ ಅಳೆದರೆ ಪ್ರಯೋಜನವಿಲ್ಲ. ಗೋಕಾಕ ಫಾಲ್ಸ್ ನೋಡಿದವರಿಗೆ ಇದು ಗೊತ್ತು. ಅಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಬೀಳುತ್ತದೆ, ಆ ಎತ್ತರ ವರ್ಷವಿಡೀ ಅಷ್ಟೇ. ಆಗಸ್ಟ್‌ನಲ್ಲಿ ತೂಗುಸೇತುವೆ ಮೇಲೆ ನಿಂತವರ ಮಾತು ಪಕ್ಕದವರಿಗೆ ಕೇಳಿಸಲ್ಲ. ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಬರೀ ಬಂಡೆ. ಆ ಬೀಳುವ ನೀರಿನ ಬಲವನ್ನೇ ನಂಬಿ ಹತ್ತೊಂಬತ್ತನೇ ಶತಮಾನದಲ್ಲೇ ಅಲ್ಲಿ ಹತ್ತಿ ಗಿರಣಿ ಕಟ್ಟಿದ್ದರು. ನಮ್ಮ ಭಾಗಕ್ಕೆ ಜಲಶಕ್ತಿ ಹೊಸ ವಿಷಯವೇನಲ್ಲ. ಬೇಸಿಗೆಯ ತಕರಾರೂ ಹೊಸದಲ್ಲ.

ಎತ್ತರ, ನೀರು, ತಿಂಗಳು ಆದಮೇಲೆ ಉಳಿಯುವುದು ಮೂರು ಪ್ರಶ್ನೆ. ಟರ್ಬೈನಿನಿಂದ ಮನೆಗೆ ಎಷ್ಟು ದೂರ? ನೀರು ಯಾರದು, ಯಾರ ಅನುಮತಿ ಬೇಕು? ಮತ್ತೆ, ಮಳೆಯಲ್ಲಿ ಹೋಗಿ ಪೈಪಿನ ಬಾಯಿಗೆ ಹಾಕಿದ ಜಾಲರಿ ತೊಳೆಯುವವರು ಯಾರು? ಕೊನೆಯದು ಸಣ್ಣ ಪ್ರಶ್ನೆ ಅನಿಸುತ್ತದೆ, ಅಲ್ವಾ? ಮುಂದೆ ನೋಡಿ.

ಖಾನಾಪುರದ ಹಳ್ಳ: ಇಲ್ಲಿ ಟರ್ಬೈನಿಗೆ ಅರ್ಥವಿದೆ

ಜಾಂಬೋಟಿ, ಕಣಕುಂಬಿ, ಹೇಮಡಗಾ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಲೈನ್ ಹೋಗುತ್ತದೆ. ಮೋಡ ಮುಚ್ಚಿಕೊಂಡು ಸೋಲಾರ್ ಅರ್ಧಕ್ಕೂ ಇಳಿಯುತ್ತದೆ. ಅದೇ ಹೊತ್ತಿಗೆ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಬೇಕಾದ ತಿಂಗಳೂ ನೀರಿರುವ ತಿಂಗಳೂ ಒಂದೇ. ಮೂರು ಜಿಲ್ಲೆಗಳಲ್ಲಿ ಮನೆ ಮಟ್ಟದ ಟರ್ಬೈನಿಗೆ ಇಷ್ಟು ಹೊಂದುವ ಜಾಗ ಬೇರೆ ಇಲ್ಲ. ಚಿಕ್ಕಮಗಳೂರು, ಕೊಡಗಿನ ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಒಂದು ಕಿಲೋವ್ಯಾಟ್ ಆಸುಪಾಸಿನ ಇಂಥ ಯಂತ್ರಗಳು ಓಡಿವೆ. ಇವಕ್ಕೆ ಪಿಕೋ ಹೈಡ್ರೋ ಎನ್ನುತ್ತಾರೆ.

ಲೆಕ್ಕ ಹಾಕೋಣ. 20 ಮೀಟರ್ ಎತ್ತರ, ಮಳೆಗಾಲದಲ್ಲಿ ಸೆಕೆಂಡಿಗೆ 10 ಲೀಟರ್. 10 ಗುಣಿಸು 20 ಗುಣಿಸು 5 ಅಂದರೆ 1000 ವ್ಯಾಟ್, ಒಂದು ಕಿಲೋವ್ಯಾಟ್. ಸೋಲಾರಿನ ಒಂದು ಕಿಲೋವ್ಯಾಟ್ ನಮ್ಮ ಕಡೆ ಒಳ್ಳೆ ಬಿಸಿಲಿನ ದಿನ ನಾಲ್ಕು ಯೂನಿಟ್ ಹತ್ತಿರ ಕೊಡುತ್ತದೆ. ಹಳ್ಳದ ಒಂದು ಕಿಲೋವ್ಯಾಟ್ ರಾತ್ರಿಯೂ ಓಡುತ್ತದೆ, ದಿನಕ್ಕೆ 24 ಯೂನಿಟ್. ಜನವರಿಗೆ ನೀರು 2 ಲೀಟರಿಗೆ ಇಳಿಯಿತು ಅನ್ನಿ. ಆಗ 200 ವ್ಯಾಟ್. ಕಡಿಮೆ ಅನಿಸಿದರೂ ದಿನಕ್ಕೆ ಐದು ಯೂನಿಟ್ ಹತ್ತಿರ ಆಯಿತು. ದೀಪ, ಟಿವಿ, ಮೊಬೈಲ್, ಒಂದು ಫ್ಯಾನಿಗೆ ಸಾಕು. ಮಾರ್ಚ್‌ನಲ್ಲಿ ಹಳ್ಳ ಬತ್ತಿದರೆ ಸೊನ್ನೆ. ಆ ಹೊತ್ತಿಗೆ ಬಿಸಿಲು ಬೇಕಾದಷ್ಟು.

ಯಂತ್ರದ ಆಯ್ಕೆ ಎತ್ತರ ನೋಡಿ. ಎತ್ತರ ಜಾಸ್ತಿ, ನೀರು ಕಡಿಮೆ ಇದ್ದರೆ ಪೆಲ್ಟನ್ ಅಥವಾ ಟರ್ಗೊ. ನಡುವಿನ ಎತ್ತರಕ್ಕೆ ಕ್ರಾಸ್‌ಫ್ಲೋ. ಎರಡು ಮೂರು ಮೀಟರ್ ಇಳುಕಲು, ನೀರು ಧಾರಾಳ ಇದ್ದರೆ ಪ್ರೊಪೆಲ್ಲರ್. ನನ್ನ ಮತ ಎರಡು ಮೂರು ನಾಜಲ್ (ಚಕ್ರದ ಮೇಲೆ ನೀರು ಚಿಮ್ಮಿಸುವ ಮೂತಿ) ಇರುವ ಪೆಲ್ಟನ್ ಅಥವಾ ಟರ್ಗೊ ಕಡೆಗೆ. ನೀರು ಇಳಿದಂತೆ ಒಂದೊಂದೇ ನಾಜಲ್ ಮುಚ್ಚುತ್ತ ಹೋಗಬಹುದು, ಯಂತ್ರ ಸೊರಗುವುದಿಲ್ಲ.

ಸಾದಾ ಸೆಂಟ್ರಿಫ್ಯೂಗಲ್ ಪಂಪನ್ನೇ ಉಲ್ಟಾ ಓಡಿಸಿ ಟರ್ಬೈನ್ ಮಾಡುವ ದಾರಿಯೂ ಇದೆ. ಅಗ್ಗ. ಬಿಡಿಭಾಗ ಸಿಗುತ್ತವೆ. ಬೆಳಗಾವಿಯಂಥ ಫೌಂಡ್ರಿ ಊರಿನಲ್ಲಿ ರಿಪೇರಿಯ ಚಿಂತೆಯೂ ಇಲ್ಲ. ಆದರೆ ನೀರು ಒಂದೇ ಸಮ ಇದ್ದರೆ ಮಾತ್ರ ಅದು ಚೆನ್ನ. ಅರ್ಧ ನೀರಿಗೆ ಇಳಿದರೆ ಅದರ ಕೆಲಸ ಅರ್ಧಕ್ಕಿಂತ ಬಹಳ ಕೆಳಗೆ ಬೀಳುತ್ತದೆ. ನಮ್ಮ ಹಳ್ಳಗಳ ನೀರು ವಾರ ವಾರಕ್ಕೆ ಬದಲಾಗುತ್ತದಲ್ಲ, ಅದಕ್ಕೇ ನಾನು ಹಿಂಜರಿಯುತ್ತೇನೆ.

ಜನ ಯಂತ್ರದ ಬೆಲೆ ಕೇಳುತ್ತಾರೆ, ಪೈಪಿನ ಬೆಲೆ ಕೇಳುವುದಿಲ್ಲ. ಉದ್ದ ಜಾಸ್ತಿ ಇದ್ದರೆ ದುಡ್ಡಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಉಳಿಸಲು ಹೋಗಿ ಸಣ್ಣ ಪೈಪ್ ಹಾಕಿದರೆ ಕಥೆ ಮುಗಿಯಿತು. ಮೇಲಿನ ಉದಾಹರಣೆಯಲ್ಲೇ 100 ಮೀಟರ್ ಪೈಪ್ ಬೇಕು ಅಂದುಕೊಳ್ಳಿ. 110 ಮಿಲಿಮೀಟರ್ ಪೈಪ್ ಹಾಕಿದರೆ ಘರ್ಷಣೆಗೆ ಹೋಗುವುದು ಒಂದೂವರೆ ಮೀಟರ್ ಎತ್ತರ ಅಷ್ಟೇ. 63 ಮಿಲಿಮೀಟರ್ ಹಾಕಿದರೆ ಇಡೀ 20 ಮೀಟರ್ ಪೈಪಿನೊಳಗೇ ಕರಗುತ್ತದೆ, ಹತ್ತು ಲೀಟರ್ ನೀರು ದಾಟುವುದೇ ಇಲ್ಲ.

ಜೊತೆಗೆ ಲೋಡ್ ಕಂಟ್ರೋಲರ್ ಕೇಳಿ ತಗೊಳ್ಳಿ. ಮನೆಯಲ್ಲಿ ದೀಪ ಆರಿಸಿದಾಗ ಉಳಿದ ಕರೆಂಟನ್ನು ಇದು ಹೀಟರ್ ಕಾಯಿಲ್‌ಗೆ ಕಳಿಸುತ್ತದೆ. ಇಲ್ಲದಿದ್ದರೆ ಚಕ್ರದ ವೇಗ ಏರಿ, ವೋಲ್ಟೇಜ್ ಏರಿ, ಟಿವಿ ಸುಡುತ್ತದೆ. ಆ ಕಾಯಿಲನ್ನು ಹಂಡೆಗೆ ಇಳಿಬಿಟ್ಟರೆ ಮಳೆಗಾಲದಲ್ಲಿ ಪುಕ್ಕಟೆ ಬಿಸಿನೀರು. ಮನೆ ದೂರ ಇದ್ದರೆ 230 ವೋಲ್ಟ್ ಕೊಡುವ ಜನರೇಟರೇ ಬೇಕು. 24 ವೋಲ್ಟಿನಲ್ಲಿ ಒಂದು ಕಿಲೋವ್ಯಾಟ್ ತರಲು 42 ಆ್ಯಂಪಿಯರ್ ಹರಿಯಬೇಕು, ಅಷ್ಟು ದಪ್ಪ ತಾಮ್ರದ ವಯರ್ ಕೊಳ್ಳುವ ದುಡ್ಡಿಗೆ ಇನ್ನೊಂದು ಟರ್ಬೈನ್ ಬರುತ್ತದೆ. ಹೆಸ್ಕಾಂ ಲೈನಿಗೂ ಇದಕ್ಕೂ ನಡುವೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗುತ್ತದೆ.

ಈಗ ಜಾಲರಿಯ ವಿಷಯ. ಜುಲೈ ಮಳೆಯಲ್ಲಿ ಹಳ್ಳ ಬರೀ ನೀರು ತರುವುದಿಲ್ಲ. ಎಲೆ, ಕಡ್ಡಿ, ಕೆಂಪು ಮಣ್ಣು, ಒಮ್ಮೊಮ್ಮೆ ಇಡೀ ಟೊಂಗೆ. ರಾತ್ರಿ ಎಂಟರ ಹೊತ್ತಿಗೆ ಬಲ್ಬು ಮಂದವಾಗುತ್ತದೆ, ಆಮೇಲೆ ಮಿಣುಕುತ್ತದೆ. ಜಾಲರಿಗೆ ಎಲೆ ಅಂಟಿದೆ ಎಂದರ್ಥ. ಯಾರಾದರೂ ಟಾರ್ಚ್ ಹಿಡಿದು, ಜಿಗಣೆ ಕಡಿಸಿಕೊಂಡು, ಮೇಲೆ ಹೋಗಿ ಕೈಯಿಂದ ಕೆರೆದು ಬರಬೇಕು. ಜಾಲರಿಯನ್ನು ನೆಟ್ಟಗೆ ನಿಲ್ಲಿಸದೆ ಇಳಿಜಾರಾಗಿ ಹಾಕಿದರೆ ಎಲೆ ತಾನೇ ಜಾರಿ ಹೋಗುವುದು ಜಾಸ್ತಿ. ಮಣ್ಣು ಕೂರಲು ಸಣ್ಣ ತೊಟ್ಟಿಯೂ ಬೇಕು. ಆದರೂ ದಿನಕ್ಕೊಮ್ಮೆ ನೋಡುವವರು ಮನೆಯಲ್ಲಿ ಇರಲೇಬೇಕು. ವಯಸ್ಸಾದ ಇಬ್ಬರೇ ಇರುವ ಮನೆಗೆ ನಾನು ಟರ್ಬೈನ್ ಹೇಳುವುದಿಲ್ಲ, ನೀರು ಎಷ್ಟೇ ಇರಲಿ.

ಹಳ್ಳ ಕಾಡಿನೊಳಗಿನದಾದರೆ ಅರಣ್ಯ ಇಲಾಖೆಯನ್ನು ಮೊದಲು ಕೇಳಿ. ಇಲ್ಲಿನ ಭೀಮಗಡ ಕಾಡು 2011ರಿಂದ ವನ್ಯಜೀವಿ ಧಾಮ. ಅದರೊಳಗೆ ಪೈಪ್ ಎಳೆಯುವುದು ಸಣ್ಣ ಮಾತಲ್ಲ.

ಇನ್ನೊಂದು. ತೋಟಕ್ಕೆ ನೀರು ಹಾಯಿಸುವುದೇ ಉದ್ದೇಶವಾದರೆ ಈ ಒಂದು ಕಿಲೋವ್ಯಾಟ್ ನಿಮ್ಮ 5 ಎಚ್‌ಪಿ ಮೋಟರನ್ನು ಅಲುಗಾಡಿಸುವುದೂ ಇಲ್ಲ, ಅದಕ್ಕೆ ಮೂರೂವರೆ ಕಿಲೋವ್ಯಾಟ್‌ಗಿಂತ ಜಾಸ್ತಿ ಬೇಕು. ಅಂಥವರು ಹೈಡ್ರಾಲಿಕ್ ರ‍್ಯಾಮ್ ಪಂಪ್ ವಿಚಾರಿಸಿ. ಕರೆಂಟೇ ಬೇಡ. ಬೀಳುವ ನೀರಿನ ಹೊಡೆತದಿಂದಲೇ ಅದರ ಒಂದು ಪಾಲನ್ನು ಮೇಲಕ್ಕೆ ತಳ್ಳುತ್ತದೆ. ಹಗಲೂ ರಾತ್ರಿ ಟಕ್ ಟಕ್ ಅನ್ನುತ್ತ ಇರುತ್ತದೆ ಅಷ್ಟೇ.

ಕೆನಾಲ್: ಆಸೆ ದೊಡ್ಡದು, ಲೆಕ್ಕ ಚಿಕ್ಕದು

ಘಟಪ್ರಭಾ, ಮಲಪ್ರಭಾ ಕೆನಾಲುಗಳು, ಆಲಮಟ್ಟಿಯ ಕಾಲುವೆಗಳು ತುಂಬಿ ಹರಿಯುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಇಷ್ಟು ನೀರು ಸುಮ್ನೆ ಹೋಗ್ತಿದೆಯಲ್ಲ ಅಂತ. ತೊಂದರೆ ಏನೆಂದರೆ ಕೆನಾಲ್ ಕಟ್ಟುವುದೇ ಇಳಿಜಾರು ಕಡಿಮೆ ಇಟ್ಟು. ಎತ್ತರವೇ ಇಲ್ಲ, ಬರೀ ಹರಿವು.

ಹರಿಯುವ ನೀರಿಗೆ ಚಕ್ರ ಇಳಿಬಿಟ್ಟರೆ ಎಷ್ಟು ಬರುತ್ತದೆ? ವೇಗ ಸೆಕೆಂಡಿಗೆ ಒಂದು ಮೀಟರ್ ಇದ್ದರೆ, ಒಂದು ಚದರ ಮೀಟರ್ ಅಗಲದ ಚಕ್ರಕ್ಕೆ ನೀರಿನಲ್ಲಿರುವ ಶಕ್ತಿ 500 ವ್ಯಾಟ್. ಅದರಲ್ಲಿ ಕೈಗೆ ಬರುವುದು 150 ವ್ಯಾಟ್ ಆಸುಪಾಸು. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ಅರ್ಧವಾದರೆ ಎಂಟರಲ್ಲೊಂದು ಪಾಲು. ನಿಮ್ಮ ಕೆನಾಲಿನ ವೇಗ ತಿಳಿಯಲು ಒಣಗಿದ ಜೋಳದ ದಂಟೊಂದನ್ನು ಎಸೆದು, ಹತ್ತು ಮೀಟರ್ ಸಾಗಲು ಎಷ್ಟು ಸೆಕೆಂಡ್ ಬೇಕು ಎಣಿಸಿ. ಹತ್ತಕ್ಕಿಂತ ಜಾಸ್ತಿ ಬಂದರೆ ಈ ಯೋಚನೆ ಬಿಡಿ.

ಡ್ರಾಪ್ ಇರುವ ಕಡೆ, ಅಂದರೆ ಕೆನಾಲ್ ಮೆಟ್ಟಿಲಿನಂತೆ ಧುಮುಕುವ ಕಡೆ, ಮಾತು ಬೇರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. 35 ಕ್ಯೂಸೆಕ್ ನೀರು ಒಂದು ಮೀಟರ್ ಧುಮುಕಿದರೆ ನಮ್ಮ ಒರಟು ಲೆಕ್ಕದಲ್ಲಿ 5 ಕಿಲೋವ್ಯಾಟ್. ಇದು ಒಳ್ಳೆಯ ಸಂಖ್ಯೆಯೇ. ಆದರೆ ಆ ನೀರು ನಿಮ್ಮದಲ್ಲ. ಘಟಪ್ರಭಾ, ಮಲಪ್ರಭಾ ಕೆನಾಲುಗಳು ಕರ್ನಾಟಕ ನೀರಾವರಿ ನಿಗಮದವು, ಆಲಮಟ್ಟಿಯವು ಕೃಷ್ಣಾ ಭಾಗ್ಯ ಜಲ ನಿಗಮದವು. ಅನುಮತಿ ಇಲ್ಲದೆ ಹರಿವಿಗೆ ಅಡ್ಡ ಮಾಡಿದರೆ 1965ರ ನೀರಾವರಿ ಕಾಯ್ದೆ ಇದೆ. ಅದಕ್ಕಿಂತ ಮೊದಲು ಕೆಳಗಿನ ಹೊಲದವರು ಇದ್ದಾರೆ. ಟೇಲ್ ಎಂಡಿನವರಿಗೆ ನೀರು ಮುಟ್ಟದೆ ಹೋದ ದಿನ ಮೊದಲ ಅನುಮಾನ ನಿಮ್ಮ ಚಕ್ರದ ಮೇಲೆಯೇ. ನೀರು ಬಿಡುವುದೂ ಪಾಳಿ ಪ್ರಕಾರ, ಬೇಸಿಗೆಗೆ ಬಂದ್. ಒಬ್ಬ ರೈತನ ಮಟ್ಟದಲ್ಲಿ ಕೆನಾಲ್ ಟರ್ಬೈನ್ ಬೇಡ ಎಂದೇ ಹೇಳುತ್ತೇನೆ.

ಟ್ಯಾಂಕಿನ ವಿಡಿಯೊ

ಸಾವಿರ ಲೀಟರ್ ಟ್ಯಾಂಕ್, ಆರು ಮೀಟರ್ ಎತ್ತರ. ಪೂರ್ತಿ ಖಾಲಿ ಮಾಡಿದರೆ ಅರ್ಧ ನಷ್ಟ ಕಳೆದು ಸಿಗುವುದು 0.008 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬ್ ಒಂದು ಗಂಟೆಯೂ ಉರಿಯದು. ಆ ನೀರನ್ನು ಮೇಲೇರಿಸಲು ಮೋಟರ್ ತಿಂದದ್ದು ಅದರ ನಾಲ್ಕು ಪಟ್ಟು. 150 ಎಎಚ್‌ನ ಒಂದು ಇನ್ವರ್ಟರ್ ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಇಂಥ ನೂರಕ್ಕೂ ಹೆಚ್ಚು ಟ್ಯಾಂಕುಗಳಿಗೆ ಸಮ. ವಿಡಿಯೊದಲ್ಲಿ ದೀಪ ಹತ್ತಿದ್ದು ಕಾಣಿಸದ ವಯರಿನಿಂದ.

ಇದೇ ಉಪಾಯ ಅಣೆಕಟ್ಟಿನ ಗಾತ್ರದಲ್ಲಿ ಮಾತ್ರ ಗಿಟ್ಟುತ್ತದೆ. ಸವದತ್ತಿ ಹತ್ತಿರ ಯೋಜಿಸಿರುವ ಪಂಪ್ಡ್ ಸ್ಟೋರೇಜ್ ಅದೇ. ಬಿಸಿಲು, ಗಾಳಿಯ ಕರೆಂಟ್ ಹೆಚ್ಚಾದಾಗ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸುವುದು, ಸಂಜೆ ಬಿಡುವುದು. ಹಾಕಿದ ನೂರು ಯೂನಿಟ್‌ನಲ್ಲಿ ಮುಕ್ಕಾಲು ಪಾಲಿನಷ್ಟು ವಾಪಸ್ ಬರುತ್ತದೆ. ಉಳಿದದ್ದು ಸಂಗ್ರಹದ ಬಾಡಿಗೆ.

ವಿಜಯಪುರ, ಬಾಗಲಕೋಟೆಯ ಬಯಲು: ಸೋಲಾರ್, ಆದರೆ ಯಾವುದು?

ಬಯಲಿನವರಿಗೆ ಹೆಚ್ಚು ಯೋಚನೆ ಬೇಡ. ಬಿಸಿಲೇ ನಿಮ್ಮ ಹಳ್ಳ. ಆದರೆ ಮೂರು ತರಹದ ಜನ, ಮೂರು ತರಹದ ಲೆಕ್ಕ.

ಊರಿನ ಮನೆ, ತಿಂಗಳಿಗೆ 200 ಯೂನಿಟ್ ಒಳಗೆ, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ನಿಮಗೆ ಸೋಲಾರಿನಿಂದ ಉಳಿಯುವ ದುಡ್ಡು ಹೆಚ್ಚೇನಿಲ್ಲ. ಅವಸರ ಬೇಡ. ಬಿಲ್ ದೊಡ್ಡದು ಬರುವವರಿಗೆ, ಎಸಿ, ಅಂಗಡಿ, ಹಿಟ್ಟಿನ ಗಿರಣಿ ಇರುವವರಿಗೆ ಇದು ಲಾಭದ್ದು. ಸಬ್ಸಿಡಿ ಮಾತ್ರ ಮನೆಗಳಿಗೇ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಿಗುತ್ತದೆ. ಅದರಾಚೆ ಇಲ್ಲ.

ಅಂಗಡಿಯವರು ಬಾಯಿ ಬಿಡದ ಸಂಗತಿ ಒಂದಿದೆ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವ ಆನ್‌ಗ್ರಿಡ್ ಸೋಲಾರ್, ಅಂದರೆ ಹೆಸ್ಕಾಂ ಲೈನಿಗೇ ಜೋಡಿಸಿದ್ದು, ಲೈನ್ ಹೋದ ಕ್ಷಣ ತಾನೂ ನಿಲ್ಲುತ್ತದೆ. ಸುಡು ಬಿಸಿಲಿದ್ದರೂ ಫ್ಯಾನ್ ತಿರುಗಲ್ಲ. ಲೈನ್‌ಮನ್ ಸುರಕ್ಷತೆಗೆ ಅದನ್ನು ಹಾಗೇ ಮಾಡಿರುತ್ತಾರೆ. ಲೈನ್ ಇಲ್ಲದಾಗಲೂ ಬೇಕು ಅಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಏರುತ್ತದೆ, ಬ್ಯಾಟರಿಯನ್ನು ಮುಂದೊಂದು ದಿನ ಬದಲಿಸಬೇಕು. ಖಾನಾಪುರದವರು ಕೂಡ ಇದನ್ನು ಗಮನಿಸಿ. ಹಳ್ಳದ ಟರ್ಬೈನ್ ಇರುವವರು ಬೇಸಿಗೆಗೆಂದು ಬ್ಯಾಟರಿಯ ಜೊತೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಸೇರಿಸಿದರೆ ವರ್ಷ ತುಂಬುತ್ತದೆ.

ಹೊಲದ ಪಂಪಿಗೆ: ಲೈನ್ ಇರುವವರಿಗೆ 10 ಎಚ್‌ಪಿವರೆಗೆ ಕರೆಂಟ್ ಉಚಿತ, ಆದರೆ ತ್ರೀ ಫೇಸ್ ಬರುವುದು ಅವರು ಕೊಟ್ಟ ಹೊತ್ತಿಗೆ. ಹೊಸ ಬೋರ್‌ವೆಲ್, ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) ದೂರದ ಹೊಲ ಇದ್ದರೆ ಸೋಲಾರ್ ಪಂಪಿಗೆ ಸಬ್ಸಿಡಿ ಕೊಡುವ ಪಿಎಂ ಕುಸುಮ್ ಬಿ ಯೋಜನೆ ನೋಡಿ. ಕೇಂದ್ರದ ಪಾಲು ಶೇಕಡಾ 30, ರಾಜ್ಯದ್ದು 50, ರೈತರದ್ದು 20. ಹಗಲಿನಲ್ಲಿ ನೀರು ಸಿಗುತ್ತದೆ. ರಾತ್ರಿ ಹಾವು ಚೇಳಿನ ನಡುವೆ ಮೋಟರ್ ಚಾಲೂ ಮಾಡಲು ಹೋಗುವುದು ತಪ್ಪುತ್ತದೆ. ನನ್ನ ಪ್ರಕಾರ ಸಬ್ಸಿಡಿಗಿಂತ ದೊಡ್ಡ ಲಾಭ ಅದೇ.

ಹಾಗಾದರೆ ಆಲಮಟ್ಟಿ ಯಾಕೆ?

ಪಕ್ಕದಲ್ಲೇ ಅಣೆಕಟ್ಟು ಇಟ್ಟುಕೊಂಡು ಸೋಲಾರ್ ಹಾಕಿ ಅಂತೀರಲ್ಲ ಎಂದು ನಿಡಗುಂದಿ ಕಡೆಯವರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಆಲಮಟ್ಟಿ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್: 55ರ ಐದು ಘಟಕ, 15ರ ಒಂದು. ಘಟಪ್ರಭೆಯ ಹಿಡಕಲ್ ಅಣೆಕಟ್ಟಿನಲ್ಲಿ 16ರ ಎರಡು. ಆಲಮಟ್ಟಿ ಹತ್ತಿರದ ಕೂಡಗಿಯ ಕಲ್ಲಿದ್ದಲು ಸ್ಥಾವರ 2400 ಮೆಗಾವ್ಯಾಟ್, ಅದಕ್ಕೂ ನೀರು ಕೃಷ್ಣೆಯದೇ. ಆಲಮಟ್ಟಿ, ಹಿಡಕಲ್ ಎರಡರಲ್ಲೂ ಮೊದಲ ಹಕ್ಕು ನೀರಾವರಿಯದು. ಕರೆಂಟ್ ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ ನದಿಗೆ ನೀರು ಬಿಡುವಾಗ. ಬೇಸಿಗೆಯಲ್ಲಿ ಟರ್ಬೈನಿಗೆಂದು ನೀರು ಬಿಡುವಂತಿಲ್ಲ.

ಆದರೂ ನೀರಿಗೆ ಒಂದು ಗುಣ ಇದೆ, ಅದು ಬಿಸಿಲಿಗೂ ಕಲ್ಲಿದ್ದಲಿಗೂ ಇಲ್ಲ. ಕರೆದಾಗ ಬರುತ್ತದೆ. ಕಲ್ಲಿದ್ದಲಿನ ಬಾಯ್ಲರ್ ತಣ್ಣಗಿದ್ದರೆ ಕಾಯಿಸಲು ಗಂಟೆಗಟ್ಟಲೆ ಬೇಕು, ನೀರಿನ ಟರ್ಬೈನ್ ಕೆಲವೇ ನಿಮಿಷಗಳಲ್ಲಿ ಓಡುತ್ತದೆ. ಸಂಜೆ ಆರಕ್ಕೆ ಸೋಲಾರ್ ಕುಸಿದು ಮನೆಮನೆಯ ದೀಪ ಹತ್ತುವ ಹೊತ್ತಿಗೆ ರಾಜ್ಯವನ್ನು ದಾಟಿಸುವುದು ಶರಾವತಿ, ಕಾಳಿಯ ನೀರು. ನಿಮ್ಮ ಮಾಳಿಗೆಯ ಸೋಲಾರ್ ಹಗಲಿನಲ್ಲಿ ಎಷ್ಟು ಕೊಡುತ್ತದೋ, ಅಷ್ಟು ನೀರು ಸಂಜೆಗೆ ಉಳಿಯುತ್ತದೆ.

ವರ್ಷದ ಲೆಕ್ಕದಲ್ಲೂ ನಮ್ಮ ಭಾಗ ಅದೃಷ್ಟದ್ದು. ಜುಲೈಯಿಂದ ಅಕ್ಟೋಬರ್ ನೀರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಕೊಡುತ್ತವೆ. ಆಮೇಲೆ ಬಿಸಿಲು ಏರುತ್ತದೆ.

ಬೆಲೆಯನ್ನೂ ಹೇಳಬೇಕು. ಬಾಗಲಕೋಟೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮುಳುಗಿದವರಿಗೆ ಕಟ್ಟಿದ ನವನಗರ ಹುಟ್ಟಿದ್ದೇ ಹಿನ್ನೀರಿನಿಂದ. ಈಗ 519.60 ಮೀಟರ್ ಮಟ್ಟದಲ್ಲಿರುವ ಆಲಮಟ್ಟಿಯನ್ನು 524.256ಕ್ಕೆ ಏರಿಸಿದರೆ ಇನ್ನಷ್ಟು ಹೊಲ, ಊರು ಹೋಗುತ್ತವೆ. ಮುಳುಗಿದ ಊರಿನವರ ಕಡೆಯಿಂದ ನೋಡಿದರೆ ಅಣೆಕಟ್ಟಿನ ಕರೆಂಟ್ ಅಗ್ಗದ್ದಲ್ಲ.

ಬ್ಯಾರೇಜ್ ಬಳಿ ಮಿನಿ ಹೈಡಲ್ ಮಾಡೋಣ ಎನ್ನುವ ಯುವಕ ಸಂಘ, ಸಹಕಾರಿಗಳಿಗೆ ಚುಟುಕಾಗಿ: ಸರ್ಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗಿನದೆಲ್ಲ ಸಣ್ಣ ಜಲವಿದ್ಯುತ್, ವಿಚಾರಿಸಬೇಕಾದ ಕಡೆ ಕ್ರೆಡಲ್ (ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ). ಆದರೆ ನದಿಯ ಹಲವು ವರ್ಷಗಳ ಹರಿವಿನ ದಾಖಲೆ, ನೀರಾವರಿ ನಿಗಮದ ಒಪ್ಪಿಗೆ, ಕೋಟಿಗಳ ಬಂಡವಾಳ ಬೇಕು. ಅಷ್ಟು ಓಡಾಟಕ್ಕೆ ತಯಾರಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಅದೇ ದುಡ್ಡಿನ ಸಣ್ಣ ಪಾಲಿನಲ್ಲಿ ಸಂಘದ ಗೋದಾಮಿನ ಮೇಲೆ ಸೋಲಾರ್ ಬರುತ್ತದೆ.

ಕೊಟೇಶನ್ ತರಿಸುವಾಗ

ಟರ್ಬೈನಿನದಾದರೆ ಆಗಸ್ಟ್ ನೀರಿಗೆ ಎಷ್ಟು ವ್ಯಾಟ್, ಜನವರಿ ನೀರಿಗೆ ಎಷ್ಟು ಎನ್ನುವುದು ಎರಡೂ ಬರವಣಿಗೆಯಲ್ಲಿ ಇರಲಿ. ಪೈಪಿನ ವ್ಯಾಸ, ಉದ್ದ, ಅದರಲ್ಲಿ ಕಳೆದುಹೋಗುವ ಎತ್ತರ, ಲೋಡ್ ಕಂಟ್ರೋಲರ್, ಒಂದು ಜೊತೆ ಬೇರಿಂಗ್ ಕೂಡ ಅದರಲ್ಲಿ ಬರಲಿ. ಸೋಲಾರಿನದಾದರೆ ಆನ್‌ಗ್ರಿಡ್ಡೋ ಹೈಬ್ರಿಡ್ಡೋ, ಇನ್ವರ್ಟರ್ ಕೆಟ್ಟರೆ ಯಾವ ಊರಿನಿಂದ ಯಾರು ಬರುತ್ತಾರೆ ಎಂದು ಬರೆಸಿಕೊಳ್ಳಿ. ಜಾಗಕ್ಕೆ ಬರದೆ, ಹಳ್ಳ ನೋಡದೆ, ಫೋನಿನಲ್ಲೇ ಇಷ್ಟು ಕಿಲೋವ್ಯಾಟ್ ಗ್ಯಾರಂಟಿ ಎಂದವರ ಕಾಗದ ಪಕ್ಕಕ್ಕಿಡಿ.